ಸಮ್ಮತಿಯ ಅರ್ಥ ತಿಳಿಸಿದ ಪ್ರೊ. ಸರ್ವಮಂಗಳಾ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ವಾಣಿಜ್ಯ ಪದವೀಧರರಲ್ಲಿ ಕರಾರು ಕಾನೂನನ್ನು ಉರುಹೊಡೆಯದೆ ಅರ್ಥಮಾಡಿಕೊಂಡವರು ಬಹುಮಟ್ಟಿಗೆ ಪ್ರೊ. ಸರ್ವಮಂಗಳಾ ಅವರ ಶಿಷ್ಯರೇ. ಶಿರಾದಲ್ಲಿ ಬೋಧನೆ ಆರಂಭಿಸಿ, ಕನ್ನಡದ ಪಠ್ಯಪುಸ್ತಕವೇ ಸಿಗದ ದಿನಗಳಲ್ಲಿ ಕೊರಟಗೆರೆಯ ಮಕ್ಕಳಿಗಾಗಿ ಕೈಬರಹದ ಟಿಪ್ಪಣಿ ಸಿದ್ಧಪಡಿಸಿ, ಕಳೆದ ಹದಿನಾರು ವರ್ಷಗಳಿಂದ ಮಧುಗಿರಿಯಲ್ಲಿ ನೆಲೆಸಿರುವ ಅವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ.

ಪಾವಗಡದ ಕಡೆ ಸೌರ ಫಲಕಗಳು ಹರಡತೊಡಗಿದ್ದ ವರ್ಷ. ಮಧುಗಿರಿಯ ತರಗತಿಯಲ್ಲಿ ಮುಕ್ತ ಸಮ್ಮತಿಯ, ಅಂದರೆ ಒತ್ತಾಯ ಮೋಸಗಳಿಲ್ಲದ ಒಪ್ಪಿಗೆಯ, ಪಾಠ ನಡೆಯುತ್ತಿದ್ದಾಗ ಪಾವಗಡ ಕಡೆಯ ಹಳ್ಳಿ ರಾಯಚರ್ಲಿನ ಶರಣ್ಯಾ ಎದ್ದು ನಿಂತಳು. “ಮೇಡಂ, ಓದಿ ಹೇಳ್ದೇನೇ ಹೆಬ್ಬೆಟ್ಟು ಒತ್ತಿಸ್ಕೊಂಡ್ರೆ ಅದು ಸಮ್ಮತಿನಾ?”

ಪುಸ್ತಕದ ಉತ್ತರ ಮೇಡಂ ಅವರ ನಾಲಗೆಯ ತುದಿಯಲ್ಲೇ ಇತ್ತು. ಹುಡುಗಿಯ ಮುಖ ನೋಡಿ ಅದನ್ನು ಬದಿಗಿಟ್ಟು, ಯಾರ ಹೆಬ್ಬೆಟ್ಟೆಂದು ವಿಚಾರಿಸಿದರು; ಅವಳ ಅಜ್ಜಿಯದು. ಭಾನುವಾರ ಬಸ್ಸು ಹತ್ತಿ ರಾಯಚರ್ಲಿಗೇ ಹೋದರು.

ಶರಣ್ಯಾಳ ಅಜ್ಜಿ ಓಬಳಮ್ಮ ಕಾಗದ ತಂದು ಮುಂದಿಟ್ಟರು. “ಮ್ಯಾಗ್ಲ ಹೊಲ ಗುತ್ತಿಗೆಗೆ ಅಂದ್ರು, ಒತ್ಬುಟ್ಟೆ ಕಣಮ್ಮ. ಬಾವಿ ಹೊಲಾನೂ ಸೇರಿಸ್ಕೊಂಡವ್ರೆ ಅಂತ ನಂಗೆಂಗೆ ಗೊತ್ತಾಗ್ಬೇಕು?”

ಒಬ್ಬ ಖಾಸಗಿ ಮಧ್ಯವರ್ತಿ ಇಂಗ್ಲಿಷಿನಲ್ಲಿ ಬರೆಸಿದ್ದ ಒಪ್ಪಂದವದು. ಕೊನೆಯಲ್ಲಿ ‘ಓದಿ ಹೇಳಲಾಗಿದೆ’ ಎಂಬ ಸಾಲು; ಅದರ ಕೆಳಗೆ ಸಾಕ್ಷಿಯಾಗಿ ಪ್ರಭುದೇವ್‌ ಸಹಿ. ಎರಡು ವರ್ಷದ ಹಿಂದೆ ಇದೇ ವಿಷಯದಲ್ಲಿ ಕಾಲೇಜಿಗೇ ಮೊದಲಿಗನಾಗಿದ್ದ ಶಿಷ್ಯ!

ಮರುದಿನ ರಜೆ ಹಾಕಿ ಮಧ್ಯವರ್ತಿಯ ಕಚೇರಿಗೆ ಹೋದರು. ಅಲ್ಲೇ ಕೆಲಸಕ್ಕಿದ್ದ ಪ್ರಭುದೇವ್‌ ಓಡಿಬಂದು ಕಾಲಿಗೆರಗಿದ.

“ನಿಜವಾಗಿ ಓದಿ ಹೇಳಿದ್ಯಾ, ಪ್ರಭು?”

ಅವನು ತಲೆ ತಗ್ಗಿಸಿದ. “ಯಾರೂ ಓದಲ್ಲ ಮೇಡಂ. ಸೈನ್‌ ಹಾಕು ಅಂದ್ರು, ಹಾಕ್ಬುಟ್ಟೆ.”

ಮೇಡಂ ಬೈಯಲಿಲ್ಲ. “ಸಮ್ಮತಿ ಅಂದ್ರೆ ಐದು ಅಂಕದ ಪ್ರಶ್ನೆ ಅಂತ ಕಲಿಸಿದೆ. ಅದರ ಹಿಂದೆ ಒಂದು ಜೀವ ಇರುತ್ತೆ ಅಂತ ಕಲಿಸಲಿಲ್ಲ. ಆ ತಪ್ಪು ನನ್ನದು. ನಿಜ ಹೇಳಿದರೆ ನಿನ್ನ ಕೆಲಸ ಹೋಗಬಹುದು, ಹೇಳು ಅಂತ ನಾನು ಒತ್ತಾಯ ಮಾಡಲ್ಲ” ಎಂದು ಎದ್ದು ಬಂದರು.

ಅಂದೇ ಓಬಳಮ್ಮನವರಿಗೆ ಒಬ್ಬ ವಕೀಲರನ್ನು ಗೊತ್ತುಮಾಡಿಕೊಟ್ಟರು. ನಾಲ್ಕನೆಯ ದಿನ ಪ್ರಭುದೇವ್‌ ತಾನಾಗಿಯೇ ಓಬಳಮ್ಮನವರ ವಕೀಲರಲ್ಲಿಗೆ ಹೋಗಿ, ನಡೆದದ್ದನ್ನು ನಡೆದಂತೆ ಬರೆದುಕೊಟ್ಟ. ನ್ಯಾಯಾಲಯಕ್ಕೆ ಅಂಜಿದ ಮಧ್ಯವರ್ತಿ ಹಳೆಯ ಕಾಗದವನ್ನು ರದ್ದುಪಡಿಸಿ, ಮೇಲಿನ ಹೊಲಕ್ಕಷ್ಟೇ ಹೊಸದು ಬರೆಸಿದ. ಅದನ್ನು ಕನ್ನಡದಲ್ಲೂ ತೆಲುಗಿನಲ್ಲೂ ಬಿಡಿಸಿ ಹೇಳಿದವನು ಪ್ರಭುದೇವನೇ. ಓಬಳಮ್ಮ ನಡುವೆ ತಡೆದು, “ಆ ಸಾಲು ಇನ್ನೊಂದ್ಕಿತ ಓದಪ್ಪ” ಎಂದರು. ಅವನು ಓದಿದ. ಆಮೇಲೆಯೇ ಅವರ ಹೆಬ್ಬೆಟ್ಟು ಬಿದ್ದದ್ದು.

ಪ್ರಭುದೇವನ ಕೆಲಸ ಹೋಯಿತು. ಅವನಿಗೊಂದು ನೆಲೆ ಕಾಣಿಸುವವರೆಗೆ ಮೇಡಂ ಮಧುಗಿರಿಯ ಲೆಕ್ಕಪರಿಶೋಧಕರ ಕಚೇರಿಗಳ ಮೆಟ್ಟಿಲು ಹತ್ತಿಳಿದರು. ಅಲ್ಲಿಂದೀಚೆಗೆ ಅವರ ಪ್ರತಿಯೊಬ್ಬ ವಿದ್ಯಾರ್ಥಿಯೂ ಮನೆಯವರು ಸಹಿ ಮಾಡಿದ ಒಂದು ಕಾಗದವನ್ನು ಹಿರಿಯರಿಗೆ ಓದಿ ಹೇಳಿ, ಅವರು ಕೇಳಿದ ಪ್ರಶ್ನೆಗಳನ್ನು ಬರೆದು ತರಬೇಕೆಂಬುದು ತರಗತಿಯ ನಿಯಮವಾಯಿತು.

ನಿವೃತ್ತಿಯ ಬಳಿಕ ವಾರಕ್ಕೊಂದು ದಿನ ಪಾವಗಡದ ಹಳ್ಳಿಗಳಲ್ಲಿ ಕುಳಿತು, ಕೇಳಿದವರಿಗೆಲ್ಲ ಕಾಗದ ಓದಿ ಹೇಳುವುದು ಅವರ ಸಂಕಲ್ಪ. ಆ ಕಣ್ಣುಗಳಿಗೆ ಬೆಳಕು, ಆ ದನಿಗೆ ಕಸುವು ನೂರು ವರ್ಷ ತುಂಬಿರಲಿ. ಸಹಿಗೆ ಮುನ್ನ ಓದಬೇಕಾದ ಕಾಗದಗಳು ಈ ಸೀಮೆಯಲ್ಲಿ ಇನ್ನೂ ಬೇಕಾದಷ್ಟಿವೆ.