ಪ್ರತಿ ಪುಟದ ಅಡಿಯಲ್ಲೂ ಮದುವೆ ಹಾಲ್

ನನಗೆ ಮನುಷ್ಯರ ಮೇಲೆ ಅನುಮಾನ ಬೇಗ ಬರುತ್ತದೆ. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡ ಸಂಘದ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಾಗಲೂ, ಇಷ್ಟು ಸುಲಭವಾಗಿ ಯಾಕೆ ಬಿಟ್ಟುಕೊಟ್ಟರು ಎಂದೇ ಮೊದಲು ಯೋಚಿಸಿದ್ದೆ. ಅದನ್ನು ಕಟ್ಟಿದವರು ಕೋಪರಿಯಲ್ಲಿರುವ ನಿವೃತ್ತ ಕನ್ನಡ ಮಾಸ್ಟ್ರು, ಉಡುಪಿ ಕಡೆಯವರು. ಕಣ್ಣು ಮಂಜಾಗುತ್ತಿದೆ ಎಂದು ನನಗೆ ಒಪ್ಪಿಸಿದ್ದರು. ಪಾಸ್‌ವರ್ಡ್ ಮಾತ್ರ ಇಬ್ಬರ ಬಳಿಯೂ ಇತ್ತು.

ಒಂದು ಸೋಮವಾರ ಆಫೀಸಿಗೆ ಹೋಗುವ ಲೋಕಲ್ ರೈಲಿನಲ್ಲಿ ಫೋನ್ ತೆರೆದರೆ, ಸೈಟಿನ ಪ್ರತಿ ಪುಟದ ಅಡಿಯಲ್ಲೂ ಹೊಸದೊಂದು ಸಾಲು: ‘ಮದುವೆಗೆ ಭವ್ಯ ಹಾಲ್, ಇಂದೇ ಬುಕ್ ಮಾಡಿ.’ ಹಾಲ್ ಇರುವುದು ಪಕ್ಕದ ಕಲ್ಯಾಣ ಊರಿನಲ್ಲಿ. ಮಾಸ್ಟ್ರ ಅಳಿಯ ಅಲ್ಲೇ ಅಡುಗೆಯ ಉಸ್ತುವಾರಿ. ರೈಲು ಥಾಣೆ ಸ್ಟೇಷನ್ ತಲುಪುವ ಮೊದಲೇ ನಾನು ತೀರ್ಪು ಕೊಟ್ಟಾಗಿತ್ತು.

ಬೇರೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನಮ್ಮ ಸಂಘಕ್ಕೆ ಯಾರು ಏನು ಪುಕ್ಕಟೆ ಮಾಡಿಕೊಟ್ಟರೂ ಆಮಂತ್ರಣ ಪತ್ರಿಕೆಯ ಅಡಿಯಲ್ಲಿ ಅವರಿಗೊಂದು ಸಾಲು ಸಲ್ಲುತ್ತದೆ; ಅಚ್ಚು ಹಾಕಿದವರ ಪ್ರೆಸ್ಸು, ಚಹಾ ಕೊಟ್ಟವರ ಹೋಟೆಲು. ಹಾಲ್‌ನವರೂ ಏನೋ ಕೊಟ್ಟಿರಬೇಕು ಎಂದು ಎಲ್ಲರೂ ಸುಮ್ಮನಾದರು. ನನಗೆ ಮಾತ್ರ ಮೈ ಉರಿಯಿತು.

ಸಂಜೆ ನಮ್ಮ ಫೈಲುಗಳನ್ನೆಲ್ಲ ತೆರೆದು ಹುಡುಕಿದೆ. ಆ ಸಾಲು ಯಾವುದರಲ್ಲೂ ಇರಲಿಲ್ಲ. ಬುದ್ಧಿ ನೆಟ್ಟಗಿದ್ದವಳು ಅಲ್ಲಿಗೇ ನಿಲ್ಲಿಸುತ್ತಿದ್ದಳು. ನಾನೋ, ಮುದುಕ ಎಷ್ಟು ಚಾಲಾಕಿ, ಗುರುತೇ ಸಿಗದ ಹಾಗೆ ಮಾಡಿದ್ದಾರೆ ಎಂದುಕೊಂಡು ಪಾಸ್‌ವರ್ಡ್ ಬದಲಾಯಿಸಿದೆ. ಆದರೂ ಸಾಲು ಹೋಗಲಿಲ್ಲ. ಎಲ್ಲೋ ಕಳ್ಳದಾರಿ ಇಟ್ಟುಕೊಂಡಿದ್ದಾರೆ ಎಂದು ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಭಾನುವಾರದ ಕಮಿಟಿ ಮೀಟಿಂಗಿನಲ್ಲಿ ಎಲ್ಲರೆದುರು ಕೇಳಿಯೇಬಿಟ್ಟೆ.

“ಅಳಿಯನ ಹಾಲ್‌ಗೆ ಸಂಘದ ಸೈಟ್ ಬಳಸುವುದು ಸರಿಯಾ ಮಾಸ್ಟ್ರೇ?”

ಅವರು ನನ್ನನ್ನೇ ನೋಡಿದರು. ಕನ್ನಡಕ ಜೇಬಿಗೆ ಹಾಕಿಕೊಂಡು ಎದ್ದು ಹೋದರು. ಆಮೇಲೆ ಸಂಘದ ಕಡೆ ತಲೆ ಹಾಕಲಿಲ್ಲ. ತಪ್ಪಿಲ್ಲದಿದ್ದರೆ ಬಾಯಿ ಬಿಡುತ್ತಿರಲಿಲ್ಲವೇ ಎಂದು ನಾನು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ.

ತಿಂಗಳು ಕಳೆದ ಮೇಲೆ ಸೋಫಾ ರಿಪೇರಿಗೆಂದು ವಿಠ್ಠಲವಾಡಿಯ ಒಂದು ಫರ್ನಿಚರ್ ಅಂಗಡಿಯ ಸೈಟ್ ನೋಡುತ್ತಿದ್ದೆ. ಅದರ ಅಡಿಯಲ್ಲೂ ಅದೇ ಹಾಲ್, ಅದೇ ಸಾಲು. ಕೂಡಲೇ, ನಮಗೆ ಸರ್ವರ್‌ನಲ್ಲಿ ಪುಕ್ಕಟೆ ಜಾಗ ಕೊಟ್ಟ ನವಿ ಮುಂಬಯಿಯವನಿಗೆ ಫೋನ್ ಮಾಡಿದೆ. ಅವನು ಕಲಬುರಗಿಯವನು.

“ಒಂದ ಸರ್ವರ್ ಮ್ಯಾಲ ಭಾಳ ಮಂದಿ ಸೈಟ್ ಅದಾವ್ರೀ ಮೇಡಂ. ಪುಟ ಹೊರಗ ಹೋಗೂ ಮುಂದ ಎಲ್ಲಾದರ ಕೆಳಗೂ ಆ ಜಾಹೀರಾತಿನ ಸಾಲು ಆಟೋಮ್ಯಾಟಿಕ್ ಕೂಡತೈತ್ರೀ, ಪುಕ್ಕಟೆ ಜಾಗ ಅಲ್ರೀ. ನಿಮ್ಮ ಫೈಲಿಗೆ ಯಾರೂ ಕೈ ಹಚ್ಚಿಲ್ರೀ.”

ಮರುದಿನವೇ ಕೋಪರಿಗೆ ಹೋದೆ. ಮಾಸ್ಟ್ರು ಒಳಗೆ ಕರೆದರು, ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

“ಆ ಸಾಲು ಹಾಕಿದ್ದು ನೀನೇ ಅಂತ ನಾನು ಎಣಿಸಿದ್ದೆ ಮಾರಾಯ್ತಿ,” ಎಂದರು. “ಪಾಸ್‌ವರ್ಡ್ ಇದ್ದದ್ದು ಇಬ್ಬರಲ್ಲಿ. ಹಾಕಿದ್ದು ನಾನಲ್ಲ. ಹಾಕಿದವಳೇ ಎದ್ದು ನಿಂತು ನನ್ನನ್ನು ಕೇಳ್ತಾಳಲ್ಲ ಅಂತ ಬಾಯಿ ಕಟ್ಟಿಹೋಯ್ತು.”

ಆಮೇಲೆ ಕಂಪ್ಯೂಟರ್ ನನ್ನ ಕಡೆ ತಿರುಗಿಸಿದರು. ನಮ್ಮದೇ ಸೈಟಿನ ಶ್ರದ್ಧಾಂಜಲಿ ಪುಟ. ಅದನ್ನು ನಾನು ಒಂದು ದಿನವೂ ತೆರೆದು ನೋಡಿರಲಿಲ್ಲ. ಹೋದ ವರ್ಷ ತೀರಿಕೊಂಡ ಅವರ ಹೆಂಡತಿಯ ಫೋಟೋ, ಮಾಸ್ಟ್ರೇ ಬರೆದ ನಾಲ್ಕು ಮಾತು. ಅದರ ಅಡಿಯಲ್ಲಿ, ಮದುವೆಗೆ ಭವ್ಯ ಹಾಲ್, ಇಂದೇ ಬುಕ್ ಮಾಡಿ.

“ಈ ಪುಟವನ್ನೇ ತೆಗೆದುಬಿಡುವ ಅಂತ ಎಷ್ಟು ಸಲ ಕೂತೆ,” ಎಂದರು. “ನನ್ನ ಹಳೆ ಪಾಸ್‌ವರ್ಡನ್ನು ಸೈಟ್ ತಗೊಳ್ಳಲೇ ಇಲ್ಲ.”

ಹೊಸ ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು ಅವರತ್ತ ಚಾಚಿದೆ. ಅವರು ಕೈ ಮುಂದೆ ಮಾಡಲಿಲ್ಲ.