ಬಾಜೂಕ ಯಾರರ ಅದಾರೇನ್ರಿ?

ಅವರ ಕತ್ತು ಎಡಕ್ಕೆ ವಾಲಿತ್ತು. ಹುಟ್ಟಿನಿಂದ ಬಂದದ್ದಲ್ಲ, ಕೆಲಸದಿಂದ ಬಂದದ್ದು. ವರ್ಷಾನುಗಟ್ಟಲೆ ಟೆಲಿಫೋನಿನ ರಿಸೀವರನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಬಲಗೈಯಲ್ಲಿ ಬರೆದುಕೊಳ್ಳುತ್ತಾ, ಎಡಗೈಯಲ್ಲಿ ಶೇಂಗಾ ಒಡೆಯುತ್ತಾ ಸುದ್ದಿ ತೆಗೆದುಕೊಂಡದ್ದರ ಫಲ. ಕೈಗೆ ಮೊಬೈಲ್ ಬಂದ ಮೇಲೂ, ಕಿವಿಗೆ ಸಿಕ್ಕಿಸುವ ವೈರು ಬಂದ ಮೇಲೂ ಆ ಕತ್ತು ನೆಟ್ಟಗಾಗಲಿಲ್ಲ. ಎದುರಿಗೆ ನಿಂತವರಿಗೆ ಅವರು ಸದಾ ಯಾರದೋ ಮಾತಿಗೆ ಕಿವಿಗೊಟ್ಟಂತೆ ಕಾಣುತ್ತಿದ್ದರು. ಮೊದಲ ದಿನ ನನಗಂತೂ, ನಾನು ಹೇಳಿದ್ದನ್ನು ನಂಬದೆ ತಲೆ ಓರೆ ಮಾಡಿದ್ದಾರೆ ಅನ್ನಿಸಿ ಬೆವರು ಕಿತ್ತುಬಂದಿತ್ತು.

ಹೈದರಾಬಾದಿನ ಒಂದು ಬಹುಭಾಷಾ ಸುದ್ದಿ ಕಂಪನಿಯಲ್ಲಿ ಅವರು ಕನ್ನಡ ಡೆಸ್ಕಿನ ಮುಖ್ಯಸ್ಥೆ. ಬೀದರಿನವರು. ಮದುವೆಯಾಗಿರಲಿಲ್ಲ. ತಾರ್ನಾಕದಲ್ಲಿ ಒಂದು ಮನೆಯ ಮಹಡಿ ಮೇಲೆ ಬಾಡಿಗೆಗಿದ್ದರು. ನಾವೆಲ್ಲ ಅವರನ್ನು ಅಕ್ಕಾರು ಎನ್ನುತ್ತಿದ್ದೆವು. ವಯಸ್ಸಿನಲ್ಲಿ ಅವರಿಗಿಂತ ಹಿರಿಯರಾದವರೂ ಹಾಗೆಯೇ ಕರೆಯುತ್ತಿದ್ದರು. ನನ್ನ ಅಪ್ಪ ಗದಗಿನ ಕಡೆಯಿಂದ ಕೇಂದ್ರ ಸರ್ಕಾರದ ಕಾರ್ಖಾನೆಯ ಕೆಲಸಕ್ಕೆಂದು ಇಲ್ಲಿಗೆ ಬಂದವರು. ನಾನು ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ತೆಲುಗು, ಆಟೋದವರ ಜೊತೆ ಹಿಂದಿ ಆಡಿಕೊಂಡು ಬೆಳೆದವಳು. ಕನ್ನಡ ಎಂದರೆ ಅಮ್ಮನ ಅಡುಗೆಮನೆಯಲ್ಲಿ ಕಲಿತಷ್ಟು. ಅದನ್ನೇ ನೆಚ್ಚಿಕೊಂಡು ಸುದ್ದಿ ಬರೆಯಲು ಹೊರಟಿದ್ದೆ ನೋಡಿ, ನನ್ನ ಧೈರ್ಯಕ್ಕೆ ಏನನ್ನಬೇಕು! ನನ್ನ ಮೊದಲ ಬರಹವನ್ನು ಅಕ್ಕಾರು ಪೂರ್ತಿ ಓದಿ ಕೆಳಗಿಟ್ಟರು. “ಕನ್ನಡ ಛಲೋ ಐತಿ ತಂಗಿ. ಸುಮ್ಮ ಹೆದರಾಕತ್ತೈತಿ, ಅಷ್ಟ” ಎಂದು ಒಂದು ಹಿಡಿ ಶೇಂಗಾ ನನ್ನ ಮುಂದೆ ಸುರಿದರು.

ಆಗ ನಮ್ಮ ಆಫೀಸು ಕೋಠಿಯಲ್ಲಿತ್ತು. ಕೆಳಗೆ ಔಷಧಿ ಅಂಗಡಿಗಳು, ಮೇಲೆ ನಾವು. ಕಿಟಕಿ ತೆರೆದರೆ ಬಸ್ಸುಗಳ ಹಾರ್ನು, ಮುಚ್ಚಿದರೆ ಸೆಕೆ. ಆ ಗದ್ದಲದಲ್ಲೇ ಕೂತು ಅಕ್ಕಾರು ನಮಗೆಲ್ಲ ಒಂದು ಪದ್ಧತಿ ಕಲಿಸಿದರು. ಅದು ಯಾವ ಪತ್ರಿಕೋದ್ಯಮದ ಕ್ಲಾಸಿನಲ್ಲೂ ಹೇಳಿಕೊಟ್ಟದ್ದಲ್ಲ. ಅಪಘಾತವಾದರೆ ಎಲ್ಲಾಯಿತು, ಹೇಗಾಯಿತು ಎಂಬುದು ಕೂಡಲೇ ಹೋಗಬಹುದು. ಸತ್ತವರ ಹೆಸರು ಮಾತ್ರ, ಅವರ ಮನೆಗೆ ಗೊತ್ತಾಗುವ ತನಕ ಹೋಗಕೂಡದು.

ಗೊತ್ತಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಅದಕ್ಕೂ ಅವರದೇ ದಾರಿ ಇತ್ತು. ಅವರು ನೇರ ಆ ಮನೆಗೆ ಫೋನು ಮಾಡುತ್ತಿರಲಿಲ್ಲ. ಊರಿನ ಕಿರಾಣಿ ಅಂಗಡಿಯವನನ್ನೋ, ಟೇಲರನ್ನೋ, ಶಾಲೆಯ ಮೇಷ್ಟರನ್ನೋ ಹುಡುಕಿ ಹಿಡಿಯುತ್ತಿದ್ದರು. “ನೀವು ಮೊದಲ ಅವರ ಮನಿಗೆ ಹೋಗಿ ಕುಂದರ್ರಿ. ಏನೂ ಹೇಳಬ್ಯಾಡ್ರಿ, ಬರೇ ಕುಂದರ್ರಿ. ಆಮ್ಯಾಲ ನಾ ಫೋನ್ ಮಾಡ್ತೀನಿ” ಎನ್ನುತ್ತಿದ್ದರು. ಯಾರೂ ಸಿಗದೆ ಮನೆಯವರೊಡನೆ ತಾವೇ ಮಾತಾಡಬೇಕಾಗಿ ಬಂದರೆ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: “ಬಾಜೂಕ ಯಾರರ ಅದಾರೇನ್ರಿ?” ಪಕ್ಕದಲ್ಲಿ ಯಾರೂ ಇಲ್ಲ ಎಂದು ಉತ್ತರ ಬಂದರೆ ಹೇಳುತ್ತಲೇ ಇರಲಿಲ್ಲ. ಏನೋ ಸುಳ್ಳು ಹೇಳಿ ಫೋನಿಟ್ಟು, ಮತ್ತೆ ಪಕ್ಕದ ಮನೆಯವರನ್ನು ಹುಡುಕಲು ಶುರು.

ಇದೇನು ಹಟ ಎಂದು ನಾನೊಮ್ಮೆ ಕೇಳಿಬಿಟ್ಟೆ. ಅಕ್ಕಾರು ಒಂದೇ ಸಲ ಹೇಳಿದರು, ಮತ್ತೆಂದೂ ಆ ಮಾತೆತ್ತಲಿಲ್ಲ. ಅವರ ತಂದೆ ಲಾರಿ ಡ್ರೈವರ್. ಮನೆಯಲ್ಲಿ ಅವ್ವನಿಗೆ ಓದು ಬಾರದು. ಬೆಳಿಗ್ಗೆ ರೊಟ್ಟಿ ಬಡಿಯುವ ಹೊತ್ತಿಗೆ ಅವರ ಅಕ್ಕ ಪೇಪರನ್ನು ಜೋರಾಗಿ ಓದಿ ಹೇಳುವುದು ವಾಡಿಕೆ. ಒಂದು ಬೆಳಿಗ್ಗೆ ಸೋಲಾಪುರದ ಆಚೆ ಎಲ್ಲೋ ಲಾರಿ ಉರುಳಿದ ಸುದ್ದಿ ಬಂದಿತ್ತು. “ನಮ್ಮಕ್ಕ ಓದಕೋತ ಓದಕೋತ ಅಪ್ಪನ ಹೆಸರೂ ಓದಿಬಿಟ್ಲು ತಂಗಿ. ಓದಿದ ಮ್ಯಾಲ ಆಕಿಗೆ ತಿಳೀತು, ಅದು ಯಾರ ಹೆಸರು ಅಂತ.” ಅಷ್ಟು ಹೇಳಿ ಶೇಂಗಾ ಸಿಪ್ಪೆಗಳನ್ನು ಪೇಪರಿನಲ್ಲಿ ಕಟ್ಟಿ ಬುಟ್ಟಿಗೆ ಹಾಕಿದರು. ಆ ಅಕ್ಕ ಆಮೇಲೆ ಯಾವತ್ತೂ ಪೇಪರನ್ನು ಜೋರಾಗಿ ಓದಲಿಲ್ಲವಂತೆ.

ಕಂಪನಿ ಬೆಳೆಯಿತು. ಮುದ್ರಣ ನಿಂತು ಎಲ್ಲವೂ ಮೊಬೈಲಿಗೆ ಬಂತು. ನಾವು ಕೋಠಿ ಬಿಟ್ಟು ಗಚ್ಚಿಬೌಲಿಯ ಗಾಜಿನ ಕಟ್ಟಡಕ್ಕೆ ಹೋದೆವು. ಅಲ್ಲಿ ತೆರೆಯಲು ಕಿಟಕಿಯೇ ಇರಲಿಲ್ಲ. ಗೋಡೆಯ ತುಂಬ ಪರದೆ. ಯಾವ ಸುದ್ದಿಯನ್ನು ಯಾರು ಮೊದಲು ಕೊಟ್ಟರು, ಎಷ್ಟು ಜನ ಒತ್ತಿ ನೋಡಿದರು ಎಂಬುದು ಕ್ರಿಕೆಟ್ ಸ್ಕೋರಿನಂತೆ ಓಡುತ್ತಿತ್ತು. ಆಗಾಗ ಒಂದು ಸಭೆ. ಅಮೆರಿಕದಲ್ಲಿ ಪೇಪರುಗಳು ಹೇಗೆ ಮುಚ್ಚುತ್ತಿವೆ, ಲಂಡನ್ನಿನಲ್ಲಿ ಡೆಸ್ಕುಗಳು ಹೇಗೆ ಖಾಲಿಯಾಗುತ್ತಿವೆ, ಜಗತ್ತಿನ ಓದುಗರಿಗೆಲ್ಲ ಎರಡೇ ಸಾಲು ಸಾಕಾಗಿರುವುದು ಹೇಗೆ ಎಂದು ಚಿತ್ರ ಹಾಕಿ ತೋರಿಸುತ್ತಿದ್ದರು. ಹೆದರಿಸಲೆಂದೇ ಇಟ್ಟ ಸಭೆಗಳು ಅವು ಎಂದು ನನಗೆ ಈಗಲೂ ಸಿಟ್ಟಿದೆ. ಅಕ್ಕಾರು ಕತ್ತು ಓರೆ ಮಾಡಿಕೊಂಡು ಎಲ್ಲ ಕೇಳಿಸಿಕೊಂಡು, ಹೊರಗೆ ಬಂದು ನನ್ನ ಕಿವಿಯಲ್ಲಿ, “ಲಂಡನ್ನಿನಾಗೂ ಸತ್ತವರಿಗೆ ಮನಿ ಇರತಾವಲ್ಲ ತಂಗಿ? ಅವರೇನ್ ಮಾಡ್ತಾರಂತ ಯಾರೂ ಹೇಳಲಿಲ್ಲ ನೋಡು” ಎಂದರು.

ಒಂದು ಮುಂಜಾನೆ ಹುಮನಾಬಾದಿನ ಹತ್ತಿರ ಕೂಲಿಯವರನ್ನು ತುಂಬಿಕೊಂಡು ಬರುತ್ತಿದ್ದ ಟೆಂಪೊ ಲಾರಿಗೆ ಬಡಿಯಿತು. ಹೆಸರುಗಳು ಪೊಲೀಸರಿಂದ ಬೇಗನೆ ಸಿಕ್ಕವು. ಎಲ್ಲ ಮನೆಗಳಿಗೂ ಸುದ್ದಿ ಮುಟ್ಟಿತ್ತು, ಒಬ್ಬ ಹೆಂಗಸಿನ ಮನೆಗೆ ಬಿಟ್ಟು. ಅವಳ ಗಂಡ ಇಟ್ಟಿಗೆ ಭಟ್ಟಿಯಲ್ಲಿದ್ದಾನೆ, ಯಾವ ಭಟ್ಟಿ ಎಂದು ಯಾರಿಗೂ ತಿಳಿಯದು. ಅಕ್ಕಾರು ಪಟ್ಟಿಯನ್ನೇ ತಡೆದರು. ಬೇರೆ ಆ್ಯಪ್‌ಗಳಲ್ಲಿ ಹೆಸರುಗಳು ಆಗಲೇ ಓಡುತ್ತಿದ್ದವು. ನಮ್ಮ ಮ್ಯಾನೇಜರ್ ವಾರಂಗಲ್ ಕಡೆಯ ತೆಲುಗಿನವನು, ಕೆಟ್ಟವನಲ್ಲ, ಮೇಲಿನವರಿಗೆ ಉತ್ತರ ಕೊಡಬೇಕಾದವನು. ಓಡಿ ಬಂದ. “ಮೇಡಂ, ಅಂದರೂ ವೇಸೇಶಾರು. ಮನಮೇ ಲೇಟ್” ಎಂದ. ಎಲ್ಲರೂ ಹಾಕಿಯಾಯಿತು, ನಾವೇ ಹಿಂದೆ ಎಂದು. ಅಕ್ಕಾರು ಅವನೊಡನೆ ಯಾವಾಗಲೂ ತೆಲುಗಿನಲ್ಲೇ ಮಾತಾಡುವವರು, ಅವತ್ತು ಬಾಯಿಗೆ ಬಂದದ್ದು ಬೀದರಿನ ಮಾತು. “ನಮಗಿಂತ ಆಕೀ ಗಂಡ ಇನ್ನೂ ಹಿಂದ ಅದಾನಲ್ರೀ ಸರ್” ಎಂದು ಮತ್ತೆ ಫೋನಿಗೆ ಭುಜ ಕೊಟ್ಟರು. ಕೊನೆಗೆ ಭಟ್ಟಿಯ ಎದುರಿನ ಚಹಾ ಹೋಟೆಲಿನವನು ಸಿಕ್ಕ. ಅವನು ಅಂಗಡಿ ಬಿಟ್ಟು ಹೋಗಿ ಆ ಗಂಡನ ಪಕ್ಕ ಕೂತ ಮೇಲೆಯೇ ನಮ್ಮ ಪಟ್ಟಿ ಹೊರಟದ್ದು. ಆಗ ಅದನ್ನು ನೋಡುವವರೇ ಇರಲಿಲ್ಲ. ಹಿಂದೆ ಬಿದ್ದದ್ದಕ್ಕೆ ಗೋಡೆಯ ಪರದೆಯಲ್ಲಿ ಕನ್ನಡ ಡೆಸ್ಕು ಕೆಂಪಾಗಿತ್ತು.

ಆಮೇಲೆ ಯಂತ್ರ ಬಂತು. ಇಂಗ್ಲಿಷಿನದೋ ತೆಲುಗಿನದೋ ಸುದ್ದಿ ಹಾಕಿದರೆ ತಾನೇ ಕನ್ನಡ ಮಾಡಿ, ತಾನೇ ಚಿತ್ರ ಹುಡುಕಿ, ತಾನೇ ಓದುಗರ ಫೋನಿಗೆ ತಳ್ಳುವ ಯಂತ್ರ. ಡೆಸ್ಕಿನ ಕುರ್ಚಿಗಳು ಒಂದೊಂದಾಗಿ ಖಾಲಿಯಾದವು. ಉಳಿದವರು ಯಂತ್ರ ಮಾಡಿದ್ದನ್ನು ನೋಡುವವರಾದೆವು; ಅದೂ ಸುದ್ದಿ ಹೊರಟುಹೋದ ಮೇಲೆ. ಹೀಗಿರುವಾಗ ಅದು ಯಾವನೋ ಕೊಲೆಯಾದವನ ಸುದ್ದಿಗೆ ಅದೇ ಹೆಸರಿನ ಒಬ್ಬ ಬದುಕಿದ್ದ ಮೇಷ್ಟರ ಫೋಟೊ ಹಾಕಿಬಿಟ್ಟಿತು. ಜಹೀರಾಬಾದಿನ ಹತ್ತಿರದ ಊರು. ಮೇಷ್ಟರು ಪಾಠ ಮಾಡುತ್ತಿದ್ದರಂತೆ, ಮನೆಯ ಮುಂದೆ ಜನ ಸೇರಿಬಿಟ್ಟಿದ್ದರಂತೆ, ಹೆಂಡತಿ ಎಚ್ಚರ ತಪ್ಪಿ ಬಿದ್ದಿದ್ದಳಂತೆ. ಅವರ ಫೋನನ್ನು ತೆಗೆದುಕೊಂಡದ್ದು ಅಕ್ಕಾರು. ಆ ಕಡೆಯಿಂದ ಮೇಷ್ಟರು, “ನಾ ಜೀವಂತ ಅದೀನ್ರಿ ಅಕ್ಕಾರ” ಎಂದು ಅಳುತ್ತಿದ್ದದ್ದು ನನಗೂ ಕೇಳಿಸಿತು.

ಕಂಪನಿಯವರು ಫೋಟೊ ತೆಗೆದುಹಾಕಿದರು. ತಿದ್ದಿದ್ದೇವೆ ಎಂದು ಎಲ್ಲೂ ಹೇಳಲಿಲ್ಲ. ಅಕ್ಕಾರು ಮ್ಯಾನೇಜರನ ಮುಂದೆ ನಿಂತು, ತಪ್ಪು ಎಷ್ಟು ಫೋನುಗಳಿಗೆ ಹೋಯಿತೋ ಕ್ಷಮೆಯೂ ಅಷ್ಟು ಫೋನುಗಳಿಗೆ ಹೋಗಬೇಕು ಎಂದರು. ಅವನು ಮೇಲಿನವರನ್ನು ಕೇಳಿದ. ಮೇಲಿನವರು ಬೇಡ ಎಂದರು. ರಜೆಯ ದಿನ ಅಕ್ಕಾರು ತಾವೇ ಬಸ್ಸು ಹತ್ತಿ ಆ ಊರಿಗೆ ಹೋದರು. ಮೇಷ್ಟರು ಚಹಾ ಕೊಟ್ಟರಂತೆ, ಹೆಂಡತಿ ಒಳಗಿನಿಂದ ಹೊರಗೆ ಬರಲೇ ಇಲ್ಲವಂತೆ. ಮಾಡದ ತಪ್ಪಿಗೆ ಇವರೇಕೆ ಹೋಗಬೇಕಿತ್ತು ಎಂದು ನಾನು ಯಂತ್ರಕ್ಕೂ ಕಂಪನಿಗೂ ಸೇರಿಸಿ ಬೈದೆ. “ಅದಕ್ಕ ಬೈಬ್ಯಾಡ ತಂಗಿ. ಅದು ಹೇಳಿದ್ದು ಮಾಡತೈತಿ. ಮೊದಲ ಮನಿಯವರನ್ನ ಕೇಳು ಅಂತ ಅದಕ್ಕ ಯಾರೂ ಹೇಳಿಲ್ಲ” ಎಂದರು. ಮುಂದಿನ ತಿಂಗಳು ಅವರಿಗೆ ಇನ್ನು ಬರಬೇಕಿಲ್ಲ ಎಂದು ತಿಳಿಸಲಾಯಿತು. ಬೊಕೆ ಕೊಟ್ಟರು, ಫೋಟೊ ತೆಗೆದರು. ಬೊಕೆಯನ್ನು ಅವರು ಲಿಫ್ಟಿನ ಹತ್ತಿರ ಕಸ ಗುಡಿಸುವಾಕೆಗೆ ಕೊಟ್ಟು, ಶೇಂಗಾ ಡಬ್ಬಿಯನ್ನು ಮಾತ್ರ ಚೀಲಕ್ಕೆ ಹಾಕಿಕೊಂಡು ಹೊರಟರು.

ನಾನು ಅಲ್ಲೇ ಉಳಿದೆ. ಆಗಾಗ ತಾರ್ನಾಕಕ್ಕೆ ಹೋಗುತ್ತಿದ್ದೆ. ಅವರು ದಿನದಿನಕ್ಕೆ ಇಳಿದುಹೋಗುತ್ತಿದ್ದರು. ಯಾವ ಕಾಯಿಲೆ ಎಂದು ಕೇಳಿದರೆ ಮಾತು ತಿರುಗಿಸಿ ಡೆಸ್ಕಿನ ಕತೆ ಕೇಳುತ್ತಿದ್ದರು. ಬೀದರಿನಲ್ಲಿ ಒಬ್ಬಳೇ ಇರುವ ತಮ್ಮ ಅಕ್ಕನಿಗೂ ಕಾಯಿಲೆಯ ವಿಷಯ ಹೇಳಿರಲಿಲ್ಲ. “ಆಕಿ ಈಗ ನಮ್ಮ ಆ್ಯಪ್ ನೋಡ್ತಾಳ, ಗೊತ್ತೇನು? ನಾ ಅಲ್ಲಿ ಇಲ್ಲಂದ್ರೂ ದಿನಾ ನೋಡ್ತಾಳ. ಮನಸಿನಾಗ ಓದಕೋತಾಳ” ಎಂದು ಒಮ್ಮೆ ನಕ್ಕರು. ಅಕ್ಕನ ನಂಬರನ್ನು ನನ್ನ ಫೋನಿಗೆ ಅವರೇ ಹಾಕಿಕೊಟ್ಟರು.

ಒಂದು ಮಧ್ಯಾಹ್ನ ಅವರ ಮನೆಯ ಕೆಳಗಿನವರು ಆಸ್ಪತ್ರೆಯಿಂದ ಫೋನು ಮಾಡಿ, ಹೋಗಿಬಿಟ್ಟರು ಎಂದರು. ನಾನಿನ್ನೂ ಕುರ್ಚಿಯಿಂದ ಎದ್ದಿರಲಿಲ್ಲ, ಪತ್ರಕರ್ತರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೈಮುಗಿದ ಚಿತ್ರಗಳು ಬೀಳತೊಡಗಿದವು. ನನ್ನ ಪರದೆಯ ಮೇಲೆ ಯಂತ್ರ ಆಗಲೇ ಸುದ್ದಿ ಸಿದ್ಧಮಾಡಿ ಇಟ್ಟಿತ್ತು: ಹಿರಿಯ ಪತ್ರಕರ್ತೆ ನಿಧನ. ಬೀಳ್ಕೊಡುಗೆಯ ದಿನದ ಫೋಟೊವನ್ನೇ ಎತ್ತಿಕೊಂಡಿತ್ತು. ಚಿತ್ರ ಓರೆಯಾಗಿದೆ ಎಂದುಕೊಂಡು ಅದನ್ನು ತಿರುಗಿಸಿ ಅವರ ಕತ್ತನ್ನು ನೆಟ್ಟಗೆ ಮಾಡಿತ್ತು. ಹಿಂದಿನ ಗೋಡೆಯೆಲ್ಲ ವಾಲಿತ್ತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು, ಅಳುವೂ ಬಂತು. ಮೇಷ್ಟರ ಪ್ರಕರಣ ಆದ ಮೇಲೆ ನಮಗೆ ಕೊಟ್ಟಿದ್ದ ತಡೆಯುವ ಗುಂಡಿ ಒತ್ತಿದೆ. ಗೋಡೆಯ ಮೇಲೆ ಕನ್ನಡ ಡೆಸ್ಕು ಕೆಂಪಾಯಿತು. ಮ್ಯಾನೇಜರ್ ಬಂದು ನನ್ನ ಹಿಂದೆ ನಿಂತ. ಫೋಟೊ ನೋಡಿದ. ಲೇಟ್ ಎನ್ನಲಿಲ್ಲ. “ಇಂಕಾ ಎವರಿಕಿ ಚೆಪ್ಪಾಲಿ?” ಎಂದು ಮೆಲ್ಲಗೆ ಕೇಳಿದ. ಇನ್ನೂ ಯಾರಿಗೆ ಹೇಳಬೇಕು ಎಂದು.

ಬೀದರಿನ ಆ ಬೀದಿಯಲ್ಲಿ ನನಗೆ ಯಾವ ಟೇಲರೂ ಗೊತ್ತಿಲ್ಲ, ಯಾವ ಕಿರಾಣಿ ಅಂಗಡಿಯೂ ಗೊತ್ತಿಲ್ಲ. ಹುಡುಕಲು ಹೊತ್ತೂ ಇರಲಿಲ್ಲ. ನಾವು ತಡೆದರೂ ಬೇರೆಯವರು ತಡೆಯುವುದಿಲ್ಲ. ನೇರ ಅವರಿಗೇ ಫೋನು ಮಾಡಿದೆ. ನಾನು ಯಾರೆಂದು ಹೇಳಿದ ಕೂಡಲೇ ಆ ಕಡೆಯಿಂದ ಅಕ್ಕಾರ ದನಿಯೇ ಬಂದಂತಾಯಿತು. “ಅಯ್ಯ ತಂಗಿ, ಆರಾಮ ಅದಿಯೇನು? ಮುಂಜಾನಿಂದ ಆಕಿ ಫೋನ ಎತ್ತವಲ್ಲಳು ನೋಡು. ಈಗ ಮೊಬೈಲ್ ಹಿಡಕೊಂಡ ಕುಂತಿದ್ದೆ.”

ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿ ಹಿಡಿದು ಕೇಳಿದೆ: “ಅಕ್ಕಾರ, ಬಾಜೂಕ ಯಾರರ ಅದಾರೇನ್ರಿ?”

ಆ ಕಡೆ ಒಲೆಯ ಮೇಲೆ ಕುಕ್ಕರ್ ಒಮ್ಮೆ ಕೂಗಿತು. ಆಮೇಲೆ, “ಇದು ನಮ್ಮಾಕೀ ಮಾತು” ಎಂದರು. ಮರುಕ್ಷಣವೇ, “ತಡಿ. ಹೇಳಬ್ಯಾಡ ಈಗ” ಎಂದರು.

ಫೋನನ್ನು ಎಲ್ಲೋ ಇಟ್ಟ ಸದ್ದು. ಚಿಲಕ ತೆಗೆದ ಸದ್ದು. ಪಕ್ಕದ ಮನೆಯ ಹೆಂಗಸನ್ನು ಹೆಸರು ಹಿಡಿದು ಕೂಗಿದ್ದು ಕೇಳಿಸಿತು. ಚಪ್ಪಲಿಯ ಸಪ್ಪಳ, ಏನಾಯ್ತ್ರಿ ಏನಾಯ್ತ್ರಿ ಎನ್ನುವ ಇನ್ನೊಂದು ದನಿ, ಕುರ್ಚಿ ಎಳೆದದ್ದು. ಯಾರೋ ಫೋನನ್ನು ಮತ್ತೆ ಕೈಗೆತ್ತಿಕೊಂಡರು.

“ಹೂಂ, ಈಗ ಹೇಳವ್ವ” ಎಂದರು ಅವರ ಅಕ್ಕ. “ಇಬ್ಬರೂ ಕುಂತೀವಿ.”