ಮೌಲಾಸಾಬನ ಫೋರ್ಡು, ಮೌಲಾಸಾಬನ ಆಸ್ಟಿನ್ನು

ಗೋಳಗುಮ್ಮಟದ ಪಾರಿವಾಳಗಳನ್ನು ಎಬ್ಬಿಸುವವನು ಸೂರ್ಯನಲ್ಲ, ಮೌಲಾಸಾಬ. ನಸುಕಿನಲ್ಲಿ ಫೋರ್ಡಿನ ಮೂತಿಗೆ ಹ್ಯಾಂಡಲ್ ಸಿಕ್ಕಿಸಿ ಒಂದು ಸುತ್ತು ತಿರುಗಿಸಿದನೆಂದರೆ ಎಂಟೂ ಸಿಲಿಂಡರು ಒಟ್ಟಿಗೆ ಗುಡುಗಿ, ತೊರವಿಯ ಜನ ಮಳೆ ಬಂತೆಂದು ಒಣಹಾಕಿದ ಕಾಳನ್ನು ಒಳಗೆ ತರುತ್ತಾರೆ. ಪಕ್ಕದ ಪುಟ್ಟ ಆಸ್ಟಿನ್ ಶುರುವಾದರೆ ಮಾತ್ರ ಅದರ ಮೇಲೆ ಮಲಗಿದ ಬೆಕ್ಕೂ ಕಣ್ಣು ತೆರೆಯುವುದಿಲ್ಲ.

ಎರಡೂ ಗಾಡಿ ವಿಜಾಪುರದ ಹತ್ತಿ ವ್ಯಾಪಾರಿ ಬಸಗೊಂಡಪ್ಪನವರವು. ಬಾಡಿಗೆಗೆ ಜನರನ್ನು ಹತ್ತಿಸಿ ಓಡಿಸುವುದು, ಬಿಚ್ಚುವುದು, ಜೋಡಿಸುವುದು ಎಲ್ಲ ಮೌಲಾಸಾಬ ಒಬ್ಬನೇ. ಯುದ್ಧ ಮುಗಿದರೂ ಪೆಟ್ರೋಲನ್ನು ಕೂಪನ್ನಿಗೆ ಅಳೆದು ಕೊಡುವುದು ಮುಗಿದಿಲ್ಲವಾದ್ದರಿಂದ ಸಾಹುಕಾರರು ಒಂದನ್ನು ಸೊಲ್ಲಾಪುರದ ಗಿರಾಕಿಗೆ ಕೊಡಲಿದ್ದಾರೆ. ಯಾವುದೆಂದು ಮೌಲಾಸಾಬನೇ ಹೇಳಬೇಕು. ಇಲ್ಲೇ ಅವನಿಗೆ ಸಂಕಟ. ಫೋರ್ಡು ಗುಜರಿಯಲ್ಲಿ ಕೋಳಿಗೂಡಾಗಿ ಬಿದ್ದಿದ್ದಾಗ ಎತ್ತಿ ತಂದು ಜೀವ ತುಂಬಿದವನು ಅವನು. ಒಂದು ಕೋಳಿಯಂತೂ ಹಿಂದಿನ ಸೀಟು ಬಿಡಲೊಲ್ಲದೆ ತಿಂಗಳುಗಟ್ಟಲೆ ಪುಕ್ಕಟೆ ಟಿಕೋಟಾಕ್ಕೆ ಹೋಗಿ ಬಂದಿದೆ.

“ಮಾರಲಿ ಬಿಡ್ರಿ,” ಎನ್ನುತ್ತಾಳೆ ಹೆಂಡತಿ ಜುಲೇಖಾ, ಚಹಾ ಕೊಡುತ್ತ. “ಒಬ್ಬಾಕಿ ಸವತಿ ಮನಿ ಬಿಟ್ಟಂಗಾಕ್ಕೈತಿ.”

ಈ ವಾರ ಎರಡನ್ನೂ ಒಂದೇ ದಾರಿಗೆ ಹಚ್ಚಿ ನೋಡಿದ್ದಾನೆ. ಮೊದಲು ಟಿಕೋಟಾ, ಆಮೇಲೆ ಬಬಲೇಶ್ವರ. “ಟಿಕೋಟಾ ದಾರ್ಯಾಗ ಫೋರ್ಡಿನ ಮುಂದ ಯಾರೂ ಇಲ್ಲರಿ. ಅರಕೇರಿ ಬಂತು ಅನ್ನೂದ್ರಾಗ ಹಿಂದ ಬಿದ್ದಿರ್ತೈತಿ,” ಎನ್ನುತ್ತಾನೆ ಮೌಲಾಸಾಬ. ಸುಳ್ಳಲ್ಲ. ಅರಕೇರಿಯಲ್ಲಿ ಸೀನಲು ಬಾಯಿ ತೆರೆದವನೊಬ್ಬ ಸೀನಿದ್ದು ಟಿಕೋಟಾದ ಸಂತೆಯಲ್ಲಿ. ಪೆಟ್ರೋಲೂ ಹಾಗೆಯೇ, ಸೀನುವಷ್ಟರಲ್ಲಿ ಖಾಲಿ. ಆಸ್ಟಿನ್ನಿನಲ್ಲಿ ಕೂತ ಕಳ್ಳಕವಟಗಿಯ ಗುರುಸಿದ್ದವ್ವ ಮಾತ್ರ ದಾರಿಯಲ್ಲೇ ಒಂದು ಬುಟ್ಟಿ ಮೆಂತ್ಯೆಪಲ್ಲೆ ಸೋಸಿ ಮುಗಿಸಿ, “ಲೇ ಮೌಲಾ, ಇದನ್ನ ಓಡಸಾಕತ್ತಿಯೋ, ಮಲಗಸಾಕತ್ತಿಯೋ?” ಎಂದಳು.

ಬಬಲೇಶ್ವರದ ಕರಿಮಣ್ಣಿನಲ್ಲಿ ಲೆಕ್ಕ ತಿರುಗಿತು. ಹಿಂದಿನ ದಿನ ಮಳೆಯಾಗಿತ್ತು. ಭಾರದ ಫೋರ್ಡು ಪಾತಾಳ ಮುಟ್ಟುವಷ್ಟು ಹೂತು, ಎರಡು ಜೋಡಿ ಎತ್ತು ಕಟ್ಟಿ ಎಳೆಸಬೇಕಾಯಿತು. ಮರುದಿನ ಅದೇ ಕೆಸರಿನಲ್ಲಿ ಆಸ್ಟಿನ್ನೂ ಸಿಕ್ಕಿತು. ಎತ್ತಿಗೆ ಯಾರೂ ಓಡಲಿಲ್ಲ. ಅವತ್ತೂ ಗಾಡಿಯಲ್ಲಿದ್ದ ಗುರುಸಿದ್ದವ್ವ ಸೀರೆ ಮೇಲಕ್ಕೆ ಸಿಕ್ಕಿಸಿ ಇಳಿದಳು. ಉಳಿದ ಮೂವರೂ ಇಳಿದು ಮೂಲೆಗೊಬ್ಬರು ಕೈ ಹಚ್ಚಿದರು. ಹಪ್ಪಳ ಎತ್ತಿದಂತೆ ಎತ್ತಿ ಗಟ್ಟಿ ನೆಲಕ್ಕಿಟ್ಟು ಮತ್ತೆ ಹತ್ತಿ ಕೂತರು.

“ಇಷ್ಟ ಹಗರ ಅಂತ ಗೊತ್ತಿದ್ರ ಮನಿತನಕಾ ಹೊತ್ಗೊಂಡ ಹೋಗ್ತಿದ್ನಲ್ಲೋ,” ಎಂದಳು ಗುರುಸಿದ್ದವ್ವ.

ಮೌಲಾಸಾಬ ನಕ್ಕ. ಆದರೆ ಆ ನಗೆಯೊಳಗೇ ಉತ್ತರ ಸಿಕ್ಕಿಬಿಟ್ಟಿದ್ದು ಅವನಿಗೆ ಗೊತ್ತಾಯಿತು.

“ಫೋರ್ಡು ಕೊಟ್ಟಬಿಡ್ರಿ, ಸಾಹುಕಾರ್ರ,” ಎಂದು ಬಂದು ಹೇಳಿದ್ದಾನೆ.

“ನಿನ್ನ ಕೈಯಾಗ ಬೆಳದ ಗಾಡಿ, ಮೌಲಾ. ವಿಚಾರ ಮಾಡಿ ಹೇಳಾಕತ್ತಿಯಿಲ್ಲೊ?”

“ಓಡೂದ್ರಾಗ ಅದು ರಾಜಾರಿ. ಆದ್ರ ಮಳಿಗಾಲದಾಗ ಬಬಲೇಶ್ವರದಿಂದ ಬಸುರಿ ಹೆಣ್ಮಗಳನ್ನ ದವಾಖಾನಿಗೆ ತರಬೇಕಂದ್ರ, ನಾ ಎತ್ತು ಹುಡಕ್ಕೋತ ನಿಂದರ್ಲೇನ್ರಿ?”

ಬಸಗೊಂಡಪ್ಪನವರು ಒಪ್ಪಿದ್ದಾರೆ. ಸೋಮವಾರ ಫೋರ್ಡು ಹೊರಡುತ್ತದೆ. ಅದಕ್ಕೀಗ ಮೈತೊಳೆಸುತ್ತಿರುವ ಮೌಲಾಸಾಬ ಉಜ್ಜಿದ ರಭಸಕ್ಕೆ ಬಣ್ಣದ ಜೊತೆ ನೆರಳೂ ಹೊಳೆಯುತ್ತಿದೆ. ಸಾಹುಕಾರರು ಬಕ್ಷೀಸು ಏನು ಬೇಕೆಂದರೆ ತಲೆ ಅಲ್ಲಾಡಿಸುತ್ತಾನೆ.

“ಗಿರಾಕಿ ಮನಿತನಕಾ ನಾನ ಬಿಟ್ಟ ಬರ್ತೇನ್ರಿ, ಅಷ್ಟ ಸಾಕು. ಇಷ್ಟ ದಿನ ಪೆಟ್ರೋಲ್ ಉಳಸೂದಕ್ಕ ಅದರ ಕೊಳ್ಳ ಹಿಡದ ಓಡ್ಸೇನಿ. ಒಂದಸಲ ಅದಕ್ಕ ಎಷ್ಟ ಓಡಬೇಕ ಅನಸತೈತ್ಯೋ, ಅಷ್ಟ ಓಡ್ಲಿ.”